ವಾಲಿದರೂ ಬೀಳದ ಅಕ್ಷರ: ಕನ್ನಡದ ದಪ್ಪ ಓರೆಲಿಪಿಯನ್ನು ಕುರಿತು ಒಂದು ಪಾಠ

ಕಳಸದಿಂದ ಕುದುರೆಮುಖದ ಕಡೆಗೆ ಹೊರಟವರಿಗೆ ಸಂಸೆಯ ತಿರುವುಗಳಲ್ಲಿ ಮೊದಲು ಎದುರಾಗುವುದು ಮಂಜು, ಆಮೇಲೆ ಅಕ್ಷರ. ಮಳೆಗಾಲದ ಮುಂಜಾನೆ ಕಾಫಿತೋಟದ ಬದಿಯಲ್ಲಿ ಬಸ್ಸಿಗಾಗಿ ಕಾದು ನಿಂತ ವಿದ್ಯಾರ್ಥಿಗೆ ಬಸ್ಸಿನ ರೂಪ ಸ್ಪಷ್ಟವಾಗುವುದಕ್ಕೆ ಮುಂಚೆಯೇ ಅದರ ಹಣೆಯ ಮೇಲಿನ ಹೆಸರು ಕಾಣಬೇಕು. 1991ರಲ್ಲಿ ಕೊಪ್ಪದಲ್ಲಿ ಕಾರ್ಮಿಕರೇ ಕೂಡಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು 2020ರಲ್ಲಿ ನಿಂತುಹೋಗುವವರೆಗೆ ಮಲೆನಾಡಿನ ಇಂಥ ರಸ್ತೆಗಳಲ್ಲಿ ಓಡಿದವು. ಖಾಸಗಿ ಬಸ್ಸುಗಳು ಇಂದಿಗೂ ಓಡುತ್ತಿವೆ. ದೂರದಿಂದ ಓದಿಸಿಕೊಳ್ಳಬೇಕಾದ ಅಕ್ಷರ ದಪ್ಪವಾಗಿರಬೇಕು. ಓಡುವ ವಸ್ತುವಿನ ಮೇಲಿನ ಅಕ್ಷರ ಸ್ವಲ್ಪ ಮುಂದಕ್ಕೆ ಬಾಗಿದ್ದರೆ ಚೆಂದ. ಈ ಎರಡು ಬಯಕೆಗಳಿಂದ ಹುಟ್ಟಿದುದೇ ದಪ್ಪ ಓರೆಲಿಪಿ. ಕ್ರೀಡಾಕೂಟದ ಫಲಕ, ಆಟಗಾರರ ಅಂಗಿ, ಪತ್ರಿಕೆಯ ಆಟದ ಪುಟದ ತಲೆಬರಹ ಇವೆಲ್ಲ ಇದರ ನೆಲೆಗಳು. ಈ ಲಿಪಿ ಎಲ್ಲಿಂದ ಬಂತು, ಕನ್ನಡಕ್ಕೆ ಇದು ಎಷ್ಟರಮಟ್ಟಿಗೆ ಒಗ್ಗುತ್ತದೆ, ಒಗ್ಗಿಸಿಕೊಳ್ಳಲು ನಾವು ಏನು ಮಾಡಬೇಕು ಎಂಬ ಮೂರು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡಲು ಯತ್ನಿಸಿದ್ದೇನೆ.

ಈ ವಿಷಯದ ಕಡೆಗೆ ನನ್ನ ಗಮನ ಹರಿದದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನು ಮೊದಲು ನಿವೇದಿಸಿಕೊಳ್ಳುವುದು ಉಚಿತ.

ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಗಳು ಹುಡುಗರ ಕಬಡ್ಡಿ ತಂಡಕ್ಕೆ ಪ್ರೀತಿಯಿಂದ ಹೊಸ ಅಂಗಿಗಳನ್ನು ಹೊಲಿಸಿಕೊಟ್ಟರು. ಅಂಕಿಗಳು ಕನ್ನಡದಲ್ಲಿಯೇ ಇರಬೇಕೆಂಬುದು ನನ್ನ ಆಗ್ರಹ. ಮುದ್ರಿಸುವವರು ಕಳುಹಿಸಿದ ಮಾದರಿಯನ್ನು ನೋಡಿದೆ. ಅಂಕಿಗಳು ಬಲು ದಪ್ಪವಾಗಿ, ಬಲಕ್ಕೆ ವಾಲಿ, ಓಡಲು ಸಿದ್ಧವಾಗಿ ನಿಂತಂತಿದ್ದವು. ಮೆಚ್ಚಿ ಒಪ್ಪಿಗೆ ಕೊಟ್ಟೆ. ಪಂದ್ಯದ ದಿನ ಅಂಕಣದ ಆಚೆಯಿಂದ ನೋಡಿದಾಗಲೇ ತಿಳಿದದ್ದು: ದಪ್ಪಮಾಡುವ ಭರದಲ್ಲಿ ೧ ಎಂಬ ಅಂಕಿಯ ಬಾಯಿ ಮುಚ್ಚಿಹೋಗಿ ಅದು ೦ ಆಗಿತ್ತು. ೧೦ ಯಾರು, ೧೧ ಯಾರು ಎಂಬುದು ತೀರ್ಪುಗಾರರಿಗೆ ತಿಳಿಯಲಿಲ್ಲ. ೧೦ನೆಯ ಹುಡುಗ ಮಾಡಿದ ತಪ್ಪಿಗೆ ೧೧ನೆಯ ಹುಡುಗನ ಹೆಸರಿಗೆ ಎಚ್ಚರಿಕೆ ಬಿತ್ತು. ಅನಂತರ ಅವನೇ ಮಾಡಿದ ಒಂದು ಸಣ್ಣ ತಪ್ಪು ಎರಡನೆಯದೆಂದು ಎಣಿಸಲ್ಪಟ್ಟು, ಎರಡು ನಿಮಿಷ ಹೊರಗೆ ಕುಳಿತ. ನಾವು ಸೋತೆವು. ಸೋಲಿಗೆ ಅದೊಂದೇ ಕಾರಣವೆನ್ನಲಾರೆ. ಆದರೆ ಆ ಹುಡುಗ ಬಂದು, "ಸಾರ್, ನಾನೇನೂ ಮಾಡಿರಲಿಲ್ಲ" ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪು ತೀರ್ಪುಗಾರರದಲ್ಲ, ಅಂಗಿ ಕೊಟ್ಟವರದಂತೂ ಅಲ್ಲವೇ ಅಲ್ಲ. ಅಂದವನ್ನು ನೋಡಿ, ಓದಿ ನೋಡದೆ ಒಪ್ಪಿದ ಉಪಾಧ್ಯಾಯನದು. ಈ ಪಾಠ ಅಂದಿನಿಂದ ಮೊದಲಾಯಿತು.

ಓರೆಯ ಹುಟ್ಟು

ಓರೆಯಾದ ಅಚ್ಚಕ್ಷರ ಇಟಲಿಯ ವೆನಿಸ್ ನಗರದಲ್ಲಿ ಹುಟ್ಟಿತು. ಅಲ್ಡಸ್ ಮನುಟಿಯಸ್ ಎಂಬ ಪ್ರಕಾಶಕ 1501ರಲ್ಲಿ ವರ್ಜಿಲ್ ಕವಿಯ ಕೃತಿಗಳನ್ನು ಕೈಯಲ್ಲಿ ಹಿಡಿದು ಓದಬಹುದಾದ ಸಣ್ಣ ಗಾತ್ರದಲ್ಲಿ ಪ್ರಕಟಿಸಿದನು. ಅದಕ್ಕಾಗಿ ಫ್ರಾಂಚೆಸ್ಕೊ ಗ್ರಿಫೊ ಎಂಬ ಅಚ್ಚು ಕೊರೆಯುವವನು ಅಂದಿನ ವಿದ್ವಾಂಸರ ಕೂಡುಬರಹವನ್ನು ಅನುಸರಿಸಿ ಹೊಸ ಮೊಳೆಗಳನ್ನು ಸಿದ್ಧಪಡಿಸಿದನು. ಮೊದಲಿನ ಆ ಪುಸ್ತಕಗಳಲ್ಲಿ ದೊಡ್ಡಕ್ಷರಗಳು ನೆಟ್ಟಗೆಯೇ ಇದ್ದವು. ಸಣ್ಣಕ್ಷರಗಳು ಮಾತ್ರ ವಾಲಿದ್ದವು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಆ ವಾಲುವಿಕೆ ಬೇಗಬೇಗ ಬರೆಯುವ ಕೈಯ ಸಹಜ ಚಲನೆಯಿಂದ ಬಂದದ್ದು. ನೆಟ್ಟಗಿನ ಅಕ್ಷರವನ್ನು ಹಿಡಿದು ಬಗ್ಗಿಸಿದ್ದರಿಂದ ಬಂದದ್ದಲ್ಲ.

ದಪ್ಪಕ್ಷರದ ಕಥೆ ಬೇರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಬೀದಿಗಳು ಜಾಹೀರಾತಿನ ಭಿತ್ತಿಪತ್ರಗಳಿಂದ ತುಂಬಿದವು. ಪುಸ್ತಕದ ಸಣ್ಣ ಅಕ್ಷರ ಗೋಡೆಗೆ ಸಾಲದು. ಆದಕಾರಣ ಮೊಳೆ ಎರಕದವರು ಕಪ್ಪಾದ, ಹೊಟ್ಟೆ ತುಂಬಿದ ಅಕ್ಷರಗಳನ್ನು ಹೊರತಂದರು. ಅಮೆರಿಕದ ಡೇರಿಯಸ್ ವೆಲ್ಸ್ 1827ರಲ್ಲಿ ಮರದಲ್ಲಿ ದೊಡ್ಡ ಅಕ್ಷರಗಳನ್ನು ಕೊರೆಯುವ ಯಂತ್ರವನ್ನು ರೂಪಿಸಿದ ಮೇಲೆ ಗೋಡೆಯಳತೆಯ ಅಚ್ಚು ಅಗ್ಗವಾಯಿತು. ಈ ದಪ್ಪವೂ ವೆನಿಸ್ಸಿನ ಓರೆಯೂ ಕೂಡಿಬಂದುದೇ ಇಂದಿನ ಕ್ರೀಡಾಲಿಪಿಯ ಮೂಲ. 1957ರಲ್ಲಿ ಸ್ವಿಟ್ಸರ್ಲೆಂಡಿನ ಏಡ್ರಿಯನ್ ಫ್ರುಟಿಗರ್ ಯೂನಿವರ್ಸ್ ಎಂಬ ಲಿಪಿಕುಟುಂಬವನ್ನು ರಚಿಸಿದಾಗ ಪ್ರತಿಯೊಂದು ರೂಪಕ್ಕೂ ಎರಡಂಕಿಯ ಒಂದು ಸಂಖ್ಯೆ ಕೊಟ್ಟರು: 65 ದಪ್ಪ, 66 ಅದರದೇ ದಪ್ಪ ಓರೆ. 1972ರ ಮ್ಯೂನಿಕ್ ಒಲಿಂಪಿಕ್ ಕ್ರೀಡೆಗಳ ವಿನ್ಯಾಸಕ್ಕೆ ಓಟ್ಲ್ ಐಶರ್ ಆರಿಸಿಕೊಂಡದ್ದು ಇದೇ ಕುಟುಂಬವನ್ನು.

ಓರೆಯನ್ನು ಕಂಡರೆ ನಮಗೆ ವೇಗದ ಭಾವನೆ ಏಕೆ ಬರುತ್ತದೆ? ಓಡುವವನ ಮೈ ಮುಂದಕ್ಕೆ ಬಾಗಿರುತ್ತದೆಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಛಾಯಾಚಿತ್ರ ಒದಗಿಸಿತು. ಮೊದಲನೆಯ ಮಹಾಯುದ್ಧಕ್ಕೆ ಸ್ವಲ್ಪ ಮುನ್ನ ಫ್ರಾನ್ಸಿನ ಲಾರ್ಟೀಗ್ ಎಂಬ ತರುಣ ಪಂದ್ಯದ ಕಾರೊಂದರ ಚಿತ್ರ ತೆಗೆದನು. ಆ ಕಾಲದ ಕ್ಯಾಮರಾದಲ್ಲಿ ಸಣ್ಣ ಸೀಳೊಂದು ಸರಿಯುತ್ತ ಚಿತ್ರವನ್ನು ಭಾಗಭಾಗವಾಗಿ ದಾಖಲಿಸುತ್ತಿತ್ತು. ಆ ಅವಧಿಯಲ್ಲಿ ಕಾರು ಮುಂದೆ ಸರಿದಿದ್ದರಿಂದ ಚಕ್ರ ವೃತ್ತವಾಗಿ ಮೂಡದೆ, ಮುಂದಕ್ಕೆ ವಾಲಿದ ಮೊಟ್ಟೆಯಂತೆ ಮೂಡಿತು. ಇದು ಯಂತ್ರದ ದೋಷ. ಆದರೆ ಜನರ ಕಣ್ಣಿಗೆ ಅದೇ ವೇಗದ ಗುರುತಾಯಿತು. ವಾಲಿದ ವೃತ್ತವನ್ನು ಓದುಗರು ನೆನಪಿನಲ್ಲಿಡಬೇಕು. ಕನ್ನಡದ ಪ್ರಶ್ನೆಯೆಲ್ಲ ಅದರ ಸುತ್ತಲೇ ಇದೆ.

ಕಲ್ಲಿನಿಂದ ಗಣಕದವರೆಗೆ

ನಮ್ಮ ಲಿಪಿಯ ದುಂಡುತನ ಒಂದೇ ದಿನದಲ್ಲಿ ಬಂದದ್ದಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನದಲ್ಲಿ, ಎಂದರೆ ಕ್ರಿ.ಶ. ಸುಮಾರು 450ರಲ್ಲಿ, ಕಾಣುವ ಅಕ್ಷರಗಳು ಇಂದಿನವುಗಳಿಗಿಂತ ಬಹಳ ಭಿನ್ನ. ಕಳಸದ ದೇವಾಲಯದ ಶಾಸನಗಳನ್ನೂ ಭದ್ರಾನದಿಯ ಅಂಬುತೀರ್ಥದ ಬಂಡೆಯ ಬರಹವನ್ನೂ ನಮ್ಮ ವಿದ್ಯಾರ್ಥಿಗಳು ಹೋಗಿ ನೋಡಬಹುದು. ಬಿ.ಎಲ್. ರೈಸ್ ಅವರು ಈ ಸೀಮೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟದಲ್ಲಿ 1901ರಲ್ಲಿ ಪ್ರಕಟಿಸಿದರು. ಕಲ್ಲಿನ ಉಳಿ, ಓಲೆಗರಿಯ ಕಂಟ ಇವು ಒಂದೊಂದು ಕಾಲದ ಅಕ್ಷರಕ್ಕೆ ತಮ್ಮ ಗುರುತು ಬಿಟ್ಟಿವೆ. ಗರಿಯ ನಾರಿನ ಉದ್ದಕ್ಕೂ ನೇರ ಗೆರೆ ಎಳೆದರೆ ಗರಿ ಸೀಳುವ ಭಯವಿತ್ತು. ಬಳಸಿ ಬರೆಯುವ ಅಭ್ಯಾಸಕ್ಕೆ ಇದೂ ಒಂದು ಕಾರಣವೆಂದು ಬಲ್ಲವರು ಹೇಳುತ್ತಾರೆ.

ಅಚ್ಚಿನ ಯುಗದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲಿ ಮುದ್ರಿತವಾಯಿತು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರು ಸಮಾಚಾರ'ವು ಕಲ್ಲಚ್ಚಿನಲ್ಲಿ ಬಂದುದರಿಂದ ಅದರ ಅಕ್ಷರಗಳು ಕೈಬರಹದವು. ಮುಂದೆ ಮೊಳೆಗಳು ಬಂದವು. 1894ರಲ್ಲಿ ಕಿಟ್ಟೆಲರ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಪ್ರಕಟವಾಗುವ ಹೊತ್ತಿಗೆ ಕನ್ನಡದ ಅಚ್ಚು ಪ್ರೌಢವಾಗಿತ್ತು.

ಆದರೂ ಅಚ್ಚುಕೂಟದ ಕನ್ನಡ ಓರೆಗೆ ಒಲಿಯಲಿಲ್ಲ. ಸೀಸದ ಮೊಳೆ ಚೌಕವಾದ ಗಟ್ಟಿ; ಅಕ್ಷರ ವಾಲಿದರೆ ಅದರ ತಲೆ ಚೌಕದ ಹೊರಗೆ ಚಾಚಬೇಕು, ಚಾಚಿದ ಭಾಗ ಮುರಿಯಬಹುದು. ಕೆಳಗೆ ಒತ್ತಕ್ಷರ, ಮೇಲೆ ಗುಡಿಸು ಇರುವ ಕನ್ನಡದಲ್ಲಿ ಈ ತೊಡಕು ಇಮ್ಮಡಿ. ಒಂದು ಮಾತಿಗೆ ಒತ್ತು ಕೊಡಬೇಕಾದಾಗ ಇಂಗ್ಲಿಷಿನವರು ಓರೆಯಕ್ಷರವನ್ನು ಬಳಸಿದರೆ, ನಮ್ಮವರು ದಪ್ಪ ಮೊಳೆಯನ್ನೋ ಉದ್ಧರಣ ಚಿಹ್ನೆಯನ್ನೋ ಬಳಸಿದರು. ಓರೆಯಕ್ಷರ ಕನ್ನಡದಲ್ಲಿ ಬೆಳೆದದ್ದು ಅಚ್ಚುಕೂಟದ ಹೊರಗೆ: ಬೋರ್ಡು ಬರೆಯುವವರ ಕುಂಚದಲ್ಲಿ, ಬಸ್ಸು ಲಾರಿಗಳ ಹಣೆಯಲ್ಲಿ, ಸಿನಿಮಾ ಭಿತ್ತಿಪತ್ರಗಳಲ್ಲಿ.

ಅನಂತರ ಗಣಕ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, 1998ರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವುಗಳಿಂದ ಕನ್ನಡ ಬರೆಯುವುದು ಸುಲಭವಾಯಿತು. ದೊಡ್ಡ ತಲೆಬರಹಕ್ಕೆ ಒಪ್ಪುವ ಲಿಪಿಗಳೂ ಬಂದವು. ಮುಂಬಯಿಯ ಏಕ್ ಟೈಪ್ ಬಳಗದವರು ಉಚಿತವಾಗಿ ಒದಗಿಸಿರುವ 'ಬಾಲೂ ತಮ್ಮ' ಎಂಬ ದುಂಡು ದಪ್ಪ ಲಿಪಿಯನ್ನು ಇಂದು ಅಂಗಡಿಯ ಫಲಕಗಳಲ್ಲಿ ಕಾಣುತ್ತೇವೆ. ಅದೇ ಬಳಗದ 'ಅನೇಕ್ ಕನ್ನಡ'ದಲ್ಲಿ ಅಕ್ಷರದ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೆಚ್ಚುಕಡಿಮೆ ಮಾಡಬಹುದು. ಆದರೆ ಇವೆರಡರಲ್ಲಿಯೂ ಕೈಯಿಂದ ಬಿಡಿಸಿದ ಓರೆರೂಪವಿಲ್ಲ. ಓರೆರೂಪವಿಲ್ಲದ ಲಿಪಿಗೆ 'ಓರೆಮಾಡು' ಎಂದು ಆಜ್ಞೆ ಕೊಟ್ಟರೆ ಗಣಕ ಏನು ಮಾಡುತ್ತದೆ? ನೆಟ್ಟಗಿನ ಅಕ್ಷರವನ್ನೇ ಪದರಪದರವಾಗಿ ಪಕ್ಕಕ್ಕೆ ಜರುಗಿಸುತ್ತದೆ. ನಮ್ಮ ಅಂಗಿಯ ಮೇಲೆ ನಡೆದದ್ದೂ ಇದೇ.

ಚೌಕಗೆರೆಯ ಹಾಳೆಯ ಮೇಲೆ ಒಂದು ಪ್ರಯೋಗ

ಈ ಜರುಗುವಿಕೆಯಿಂದ ಅಕ್ಷರಕ್ಕೆ ಏನಾಗುತ್ತದೆಂಬುದನ್ನು ಗಣಿತದ ಚೌಕಗೆರೆಯ ಹಾಳೆಯಲ್ಲಿ ಯಾವ ವಿದ್ಯಾರ್ಥಿಯೂ ಮಾಡಿ ನೋಡಬಹುದು. ಒಂದು ಅಡಿಗೆರೆ ಎಳೆದುಕೊಳ್ಳಿ. ಮೇಲಕ್ಕೆ ಐದು ಚೌಕ ಹೋದಾಗ ಒಂದು ಚೌಕ ಬಲಕ್ಕೆ ಜರುಗಬೇಕು. ಅಡಿಗೆರೆಯ ಕೆಳಗೆ ಐದು ಚೌಕ ಇಳಿದಾಗ ಒಂದು ಚೌಕ ಎಡಕ್ಕೆ ಜರುಗಬೇಕು. ಇದು ಸುಮಾರು 11 ಡಿಗ್ರಿಯ ಓರೆ. ಕ್ರೀಡಾಲಿಪಿಗಳಲ್ಲಿ ಇದಕ್ಕಿಂತ ಹೆಚ್ಚಿನ ಓರೆಯೂ ಉಂಟು. ಮೂರಕ್ಕೆ ಒಂದರಂತೆ ಜರುಗಿಸಿದರೆ 18 ಡಿಗ್ರಿ ದಾಟುತ್ತದೆ.

ಮೊದಲು ಒಂದು ನೇರ ಕಂಬವನ್ನು ಜರುಗಿಸಿ. ಅದು ಕಂಬವಾಗಿಯೇ ಉಳಿದು ಅಂದವಾಗಿ ವಾಲುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಇಂಥ ಕಂಬಗಳು ಹೇರಳವಾಗಿರುವುದರಿಂದಲೇ ಆ ಲಿಪಿಗೆ ಓರೆ ಸುಲಭವಾಗಿ ಒಗ್ಗಿತು. ಈಗ ಒಂದು ವೃತ್ತವನ್ನು ಜರುಗಿಸಿ. ಅದು ದೀರ್ಘವೃತ್ತವಾಗುತ್ತದೆ, ಅದರ ಉದ್ದನೆಯ ಅಕ್ಷ ಗಿಡ್ಡ ಅಕ್ಷಕ್ಕಿಂತ ಶೇಕಡ 22ರಷ್ಟು ಹೆಚ್ಚಾಗಿರುತ್ತದೆ. ಕಂಬ ವಾಲಿದ್ದು 11 ಡಿಗ್ರಿ ಮಾತ್ರ. ಆದರೆ ದೀರ್ಘವೃತ್ತದ ಅಕ್ಷ ನೆಲದಿಂದ 40 ಡಿಗ್ರಿಗೆ ಸ್ವಲ್ಪ ಮೇಲೆ, ಬಲು ಇಳಿಜಾರಾಗಿ ಮಲಗಿರುತ್ತದೆ. ವೃತ್ತವನ್ನು ಬಳೆಯಂತೆ ದಪ್ಪ ಅಂಚಿನಿಂದ ಬರೆದಿದ್ದರೆ ಇನ್ನೂ ಒಂದು ವಿಕಾರ ಕಾಣುತ್ತದೆ. ಬಲಮೇಲು ಮತ್ತು ಎಡಕೆಳಗಿನ ಮೂಲೆಗಳಲ್ಲಿ ಅಂಚು ಸುಮಾರು ಹತ್ತರಲ್ಲೊಂದು ಪಾಲು ದಪ್ಪವಾಗುತ್ತದೆ. ಉಳಿದೆರಡು ಮೂಲೆಗಳಲ್ಲಿ ಸುಮಾರು ಅಷ್ಟೇ ತೆಳ್ಳಗಾಗುತ್ತದೆ. ದುಂಡಕ್ಷರಗಳೇ ತುಂಬಿರುವ ಕನ್ನಡದ ಸಾಲು ಇದರಿಂದ ಓಡುವಂತೆ ಕಾಣದೆ ಇಳಿಜಾರಿನಲ್ಲಿ ಉರುಳುವಂತೆ ಕಾಣುತ್ತದೆ.

ಮೂರನೆಯ ತೊಂದರೆ ಒತ್ತಕ್ಷರದ್ದು. ಒಂದು ಅಡಿ ಎತ್ತರದ ಅಕ್ಷರದ ಕೆಳಗೆ ಅರ್ಧ ಅಡಿ ಇಳಿದ ಒತ್ತಕ್ಷರವಿದೆಯೆಂದು ಭಾವಿಸೋಣ. ಐದಕ್ಕೆ ಒಂದರ ಓರೆಯಲ್ಲಿ ಅಕ್ಷರದ ತಲೆ 2.4 ಅಂಗುಲ ಬಲಕ್ಕೆ ಹೋಗುತ್ತದೆ. ಒತ್ತಕ್ಷರದ ಬುಡ 1.2 ಅಂಗುಲ ಎಡಕ್ಕೆ ಹೋಗುತ್ತದೆ. ತಲೆಗೂ ಬುಡಕ್ಕೂ ನಡುವೆ 3.6 ಅಂಗುಲದ ಅಂತರ ಬಿದ್ದಹಾಗಾಯಿತು. ತಲೆಕಟ್ಟು ಮುಂದಿನ ಅಕ್ಷರವನ್ನು ಇರಿಯುತ್ತದೆ. ಒತ್ತಕ್ಷರ ಹಿಂದಿನ ಅಕ್ಷರದ ಕಾಲಿಗೆ ತೊಡರುತ್ತದೆ. 'ಸ್ಪರ್ಧೆ', 'ಕ್ರೀಡಾಕೂಟ', 'ಕಬಡ್ಡಿ', 'ಪಂದ್ಯ' ಈ ನಾಲ್ಕು ಮಾತುಗಳನ್ನು ನೋಡಿ. ನಾಲ್ಕರಲ್ಲಿಯೂ ಒತ್ತಕ್ಷರವುಂಟು. ಆಟದ ಮೈದಾನದಲ್ಲಿ ನಾವು ಅತಿ ಹೆಚ್ಚಾಗಿ ಬರೆಯುವ ಮಾತುಗಳೇ ಇವು.

ನಾಲ್ಕನೆಯದು ದಪ್ಪದ ತೊಂದರೆ. ದ, ಧ, ಥ ಎಂಬಲ್ಲಿ ಒಡಲು ಹೆಚ್ಚುಕಡಿಮೆ ಒಂದೇ. ಕೆಳಗಿನ ಸಣ್ಣ ಗೀಟು, ನಡುವಿನ ಬಿಂದು ಇವುಗಳಿಂದ ಮಾತ್ರ ಭೇದ. ರ ಮತ್ತು ಠಗಳ ನಡುವೆ ಇರುವುದು ಒಂದೇ ಬಿಂದು. ಮೈ ದಪ್ಪವಾದಂತೆಲ್ಲ ಈ ಗೀಟು ಬಿಂದುಗಳ ಸುತ್ತಲಿನ ಬಿಳಿಯ ಜಾಗ ಮುಚ್ಚುತ್ತದೆ. 'ಸ್ಪರ್ಧೆ' 'ಸ್ಪರ್ದೆ'ಯಾಗಿ ಕಾಣುತ್ತದೆ. ಗೋಡೆಯನ್ನು ನೋಡಿ ಓದು ಕಲಿಯುವ ಸಣ್ಣ ಮಗು ಅದನ್ನೇ ಪುಸ್ತಕಕ್ಕೆ ಇಳಿಸುತ್ತದೆ. ನಾವು ತರಗತಿಯಲ್ಲಿ ಮಹಾಪ್ರಾಣವನ್ನು ತಿದ್ದುತ್ತೇವೆ. ಹೊರಗಿನ ಫಲಕ ಅದನ್ನು ಮತ್ತೆ ಅಳಿಸುತ್ತದೆ. ಅಂಕಿಗಳಲ್ಲಂತೂ ೧ಕ್ಕೂ ೦ಗೂ ಇರುವ ಭೇದ ಒಂದು ತೆರೆದ ಬಾಯಿ ಮಾತ್ರ. ೬ ಮತ್ತು ೯ರ ಭೇದ ಬಾಲದ ತಿರುವಿನಲ್ಲಿದೆ. ಇವುಗಳ ಬೆಲೆಯನ್ನು ನಮ್ಮ ಹುಡುಗ ಎರಡು ನಿಮಿಷ ಹೊರಗೆ ಕುಳಿತು ತೆತ್ತನು.

ಕುಂಚದವರು ಬಲ್ಲ ಉಪಾಯ

ಹಾಗಾದರೆ ಕನ್ನಡಕ್ಕೆ ಓರೆಲಿಪಿ ಸಲ್ಲದೆ? ಹಾಗೆಂದು ತೀರ್ಮಾನಿಸುವುದು ಅವಸರವಾದೀತು. ಓಡುವ ಚಕ್ರವೇ ವಾಲಿದ ವೃತ್ತವಾಗಿ ಜಗತ್ತಿಗೆ ವೇಗದ ಗುರುತಾಗಿರುವಾಗ, ಚಕ್ರಗಳೇ ತುಂಬಿರುವ ನಮ್ಮ ಲಿಪಿಗೆ ವೇಗ ಅಸಾಧ್ಯವೆನ್ನುವುದು ಹೇಗೆ? ಯಂತ್ರ ಜರುಗಿಸಿದುದನ್ನು ಹಾಗೆಯೇ ಒಪ್ಪಿಕೊಳ್ಳುವುದರಲ್ಲಿ ದೋಷವಿದೆ, ಓರೆಯಲ್ಲಿ ದೋಷವಿಲ್ಲ.

ಈ ಮಾತನ್ನು ನನಗೆ ಮನಗಾಣಿಸಿದವರು ನಮ್ಮ ಭಾಗದಲ್ಲಿ ಬಹಳ ಕಾಲ ಬೋರ್ಡು ಬರೆದ ಹಿರಿಯರೊಬ್ಬರು. ಫ್ಲೆಕ್ಸ್ ಬಂದಮೇಲೆ ಅವರಿಗೆ ಆ ಕೆಲಸ ಕಡಮೆಯಾಗಿ ಈಗ ಕಾಫಿ ಚೀಲಗಳ ಮೇಲೆ ತೋಟದ ಗುರುತು ಹಾಕುವ ತಗಡಿನ ಅಚ್ಚುಗಳನ್ನು ಕತ್ತರಿಸಿಕೊಡುತ್ತಾರೆ. ಪಂದ್ಯದ ಮರುವಾರ ಆ ಅಂಗಿಯನ್ನು ಹಿಡಿದುಕೊಂಡು ಅವರ ಮನೆಗೆ ಹೋದೆ. ಅವರು ಅಂಗಿಯನ್ನು ಜಗಲಿಯ ಕಂಬಕ್ಕೆ ತೂಗುಹಾಕಿ, ಅಂಗಳದ ಕೊನೆಗೆ ಹೋಗಿ ನಿಂತು ನೋಡಿದರು. "ಮೇಷ್ಟ್ರೇ, ಇದನ್ನು ಬರೆದವರು ಹತ್ತಿರದಿಂದ ನೋಡಿದ್ದಾರೆ, ಓದುವವರು ದೂರದಲ್ಲಿರುತ್ತಾರೆ" ಎಂದರು. ತಗಡಿನ ಅಚ್ಚೊಂದನ್ನು ತೋರಿಸಿದರು. ತಗಡಿನಲ್ಲಿ ರ ಅಥವಾ ಸೊನ್ನೆಯನ್ನು ಪೂರ್ತಿ ಸುತ್ತು ಕತ್ತರಿಸಿದರೆ ನಡುವಿನ ತುಂಡು ಕಳಚಿ ಬೀಳುತ್ತದೆ. ಅದಕ್ಕಾಗಿ ಅಲ್ಲಲ್ಲಿ ಸಣ್ಣ ಸೇತುವೆ ಬಿಡಬೇಕು. ಅಕ್ಷರದ ಒಳಗಿನ ಬಯಲಿಗೂ ಅಕ್ಷರದಷ್ಟೇ ಲಕ್ಷ್ಯ ಕೊಡದಿದ್ದರೆ ಅಕ್ಷರ ನಿಲ್ಲುವುದಿಲ್ಲವೆಂಬುದನ್ನು ಆ ತಗಡು ಕೈಗೆ ಮುಟ್ಟಿಸಿ ಹೇಳುತ್ತದೆ.

ಅವರು ಹೇಳಿದ, ನಾನು ಅನಂತರ ಹಾಳೆಯ ಮೇಲೆ ಮಾಡಿ ನೋಡಿದ ಸೂತ್ರಗಳನ್ನು ಉಪಾಧ್ಯಾಯ ಮಿತ್ರರ ಉಪಯೋಗಕ್ಕಾಗಿ ಇಲ್ಲಿ ಸಂಗ್ರಹಿಸಿದ್ದೇನೆ.

ಒಂದು: ಕನ್ನಡಕ್ಕೆ ಐದಕ್ಕೆ ಒಂದಕ್ಕಿಂತ ಹೆಚ್ಚಿನ ಓರೆ ಬೇಡ. ಇನ್ನೂ ವೇಗ ಬೇಕೆನಿಸಿದರೆ ಅಡಿಗೆರೆಯನ್ನೇ ಬಲಕ್ಕೆ ಸ್ವಲ್ಪ ಏರಿಸಬೇಕು. ಬೋರ್ಡು ಬರೆಯುವವರು ದಾರಕ್ಕೆ ಸುಣ್ಣ ಹಚ್ಚಿ ಏರುಗೆರೆ ಹೊಡೆದುಕೊಳ್ಳುವುದು ಇದಕ್ಕಾಗಿಯೇ.

ಎರಡು: ಜರುಗಿಸಿದ ಮೇಲೆ ದಪ್ಪವಾದ ಮೂಲೆಗಳನ್ನು ಕೆತ್ತಿ, ತೆಳುವಾದ ಮೂಲೆಗಳನ್ನು ತುಂಬಿ, ಬಳೆಯ ಅಂಚನ್ನು ಸಮಮಾಡಬೇಕು. ಮಲಗಿದ ದೀರ್ಘವೃತ್ತವನ್ನು ಸ್ವಲ್ಪ ಎಬ್ಬಿಸಿ ನಿಲ್ಲಿಸಬೇಕು.

ಮೂರು: ತಲೆಕಟ್ಟನ್ನು ಗಿಡ್ಡಗೊಳಿಸಿ, ತುದಿಯನ್ನು ಓರೆಯಾಗಿ ಕತ್ತರಿಸಬೇಕು. ಓಟದ ಭಾವನೆ ಮುಖ್ಯವಾಗಿ ಬರುವುದು ಈ ತುದಿಗಳಿಂದ.

ನಾಲ್ಕು: ಒತ್ತಕ್ಷರ ಎಡಕ್ಕೆ ಜರುಗಲು ಬಿಡಬಾರದು. ಅದನ್ನು ಅಕ್ಷರದ ಬಲಗಾಲಿನ ಕೆಳಗೆ ಮರಳಿ ತಂದು, ಮೈಯನ್ನು ಸ್ವಲ್ಪ ತೆಳುವಾಗಿಸಿ ಬರೆಯಬೇಕು.

ಐದು: ಮಹಾಪ್ರಾಣದ ಗೀಟು, ನಡುವಿನ ಬಿಂದು, ಅಂಕಿಗಳ ಬಾಯಿ ಇವುಗಳ ಸುತ್ತ ಬಿಳಿಯ ಜಾಗವನ್ನು ಮೊದಲು ಗುರುತಿಸಿಕೊಂಡು ಆಮೇಲೆ ದಪ್ಪವನ್ನು ಕೂಡಿಸಬೇಕು.

ಆರು: ಯಾವುದನ್ನೇ ಒಪ್ಪುವ ಮುನ್ನ ಮಾದರಿಯನ್ನು ಗೋಡೆಗೆ ಅಂಟಿಸಿ, ಮೂವತ್ತು ಹೆಜ್ಜೆ ದೂರದಿಂದ, ಅದರಲ್ಲಿ ಏನು ಬರೆದಿದೆಯೆಂದು ತಿಳಿಯದ ಮಗುವಿನಿಂದ ಓದಿಸಬೇಕು.

ಕೊನೆಯ ಸೂತ್ರ ನನ್ನದು. ಉಳಿದ ಐದನ್ನು ಮರೆತರೂ ಇದೊಂದನ್ನು ಪಾಲಿಸಿದ್ದರೆ ನಾನು ಅಂದು ತಲೆತಗ್ಗಿಸಬೇಕಾಗಿರಲಿಲ್ಲ.

ಉಪಸಂಹಾರ

ಆ ಹಿರಿಯರು ಮುಂದಿನ ವರ್ಷ ಅಂಗಿಗಳಿಗೆ ತಗಡಿನ ಅಚ್ಚು ಕತ್ತರಿಸಿಕೊಟ್ಟರು. ೧ರಿಂದ ೧೨ರವರೆಗಿನ ಕನ್ನಡ ಅಂಕಿಗಳು. ದಪ್ಪವಾಗಿವೆ, ಮುಂದಕ್ಕೆ ಬಾಗಿವೆ, ಒಂದರ ಬಾಯಿ ತೆರೆದಿದೆ. ಚಿತ್ರಕಲೆಯ ತರಗತಿಯ ಮಕ್ಕಳೇ ಬಣ್ಣ ಹಾಕಿದರು. ೧೧ನೆಯ ಅಂಗಿಗೆ ಬಣ್ಣ ಹಾಕಲು ತಾನೇ ಮುಂದೆ ಬಂದವನು ಆ ಹಿಂದಿನ ವರ್ಷದ ಹುಡುಗ. ಆ ವೇಳೆಗೆ ಅವನು ತಂಡದಲ್ಲಿರಲಿಲ್ಲ. ಕೊನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಿತ್ತು. ಅಂಕಿಯ ಬಾಯಿಗೆ ಬಣ್ಣ ತಗಲದಂತೆ ಬೆರಳಿನಿಂದ ಮರೆಮಾಡಿಕೊಂಡು ಅವನು ಕುಂಚ ಆಡಿಸಿದುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ.

ಶಾಲೆಗೆ ದಾನವಾಗಿ ಬರುವ ಅಂಗಿ, ಫಲಕ, ಹೆಬ್ಬಾಗಿಲು ಎಲ್ಲದರ ಮೇಲೂ ಅಕ್ಷರವಿರುತ್ತದೆ. ದಾನಿಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಬಟ್ಟೆಯ ಗುಣವನ್ನು ಮುಟ್ಟಿ ನೋಡುವಂತೆ ಅಕ್ಷರದ ಗುಣವನ್ನೂ ದೂರ ನಿಂತು ನೋಡಿ, ಅದಕ್ಕೆ ಕೈಬಲ್ಲವರೊಬ್ಬರ ಒಂದು ದಿನದ ಕೂಲಿ ಸೇರಿಸಿದರೆ ಸಾಕು. ಹಳೆಯ ವಿದ್ಯಾರ್ಥಿಗಳಲ್ಲಿ ಗಣಕ ಬಲ್ಲವರು ಅನೇಕರಿದ್ದಾರೆ. ಇಂಥ ಹಿರಿಯರ ಕೈಯಲ್ಲಿ ಇನ್ನೂ ಉಳಿದಿರುವ ಓರೆಯಕ್ಷರಗಳನ್ನು ಕಾಗದದ ಮೇಲೆ ಬರೆಯಿಸಿಕೊಂಡು, ಅವನ್ನು ಎಲ್ಲರೂ ಬಳಸಬಹುದಾದ ಲಿಪಿಯಾಗಿಸುವ ಸಾಹಸವನ್ನು ಅವರು ಕೈಗೊಂಡರೆ ಕನ್ನಡಕ್ಕೆ ಉಪಕಾರವಾದೀತು. ಉಪಾಧ್ಯಾಯರಾದ ನಮ್ಮ ಪಾಲಿಗೆ ಉಳಿಯುವುದು ಚೌಕಗೆರೆಯ ಹಾಳೆ ಮತ್ತು ಮೂವತ್ತು ಹೆಜ್ಜೆಯ ಪರೀಕ್ಷೆ. ಅಕ್ಷರ ವಾಲಲಿ, ಓಡಲಿ. ಮಂಜಿನ ಆಚೆ ನಿಂತ ಮಗುವಿಗೆ ತಪ್ಪಿಲ್ಲದೆ ಓದಿಸಿಕೊಳ್ಳಲಿ ಎಂದು ಆಶಿಸಿ ಈ ಪಾಠವನ್ನು ಮುಗಿಸುತ್ತೇನೆ.